ಮುಳುಗಿದ್ದೆಲ್ಲಿ, ಎದ್ದದ್ದೆಲ್ಲಿ?

ದುರ್ಬೀನು ಕಣ್ಣಿಗೇರಿಸುವಷ್ಟರಲ್ಲಿ ಹಕ್ಕಿ ಮಾಯ. ನೀರಿನ ಮೇಲೆ ಉಳಿಯುವುದು ಸಣ್ಣದೊಂದು ಅಲೆಯ ಉಂಗುರ. ಹತ್ತಾರು ಮಾರು ಆಚೆ, ಎಣಿಸದ ಕಡೆ ಅದು ಗುಬುಕ್ಕನೆ ಮೇಲೆದ್ದರೆ ಗುಳುಮುಳುಕ ಎಂದು ತಿಳಿಯಿರಿ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ಈ ಗುರುತು ಕಲಿಯಲು ಒಳ್ಳೆಯ ಜಾಗ. ನೀರಾವರಿಗೆಂದು ಜನರೇ ಕಟ್ಟಿಕೊಂಡ ಈ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು; 2024ರಲ್ಲಿ ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆಯ ಜತೆ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿ ಸೇರಿತು.

ಮುಳುಗುವ ಹಕ್ಕಿಗಳು ಬೇರೆಯೂ ಇವೆ. ನೀರುಕಾಗೆ ಕಪ್ಪು, ಬಾಲ ಉದ್ದ. ಅದರ ಗರಿ ನೀರಿನಲ್ಲಿ ತೊಯ್ದುಹೋಗುವುದರಿಂದ ಜಾಲಿಮರದ ಮೇಲೆ ರೆಕ್ಕೆ ಬಿಡಿಸಿ ಒಣಗಿಸಿಕೊಳ್ಳುತ್ತದೆ. ಹಾವಕ್ಕಿ ಮೈಯೆಲ್ಲ ಮುಳುಗಿಸಿ ಕತ್ತು ಮಾತ್ರ ಹೊರಗಿಟ್ಟು ಈಜುತ್ತದೆ. ಮೀನನ್ನು ಹಿಡಿಯುವುದಿಲ್ಲ, ಕೊಕ್ಕಿನಿಂದ ಚುಚ್ಚುತ್ತದೆ. ನಾಮದ ಕೋಳಿಗೆ ಹಣೆಯ ಬಿಳಿ ನಾಮವೇ ಸಾಕ್ಷಿ.

ಗುಳುಮುಳುಕ ಪಾರಿವಾಳಕ್ಕಿಂತ ಚಿಕ್ಕದು, ದುಂಡಗೆ, ಬಾಲವೇ ಇಲ್ಲವೆಂಬಂತೆ ಇರುತ್ತದೆ. ಮರಿ ಮಾಡುವ ಕಾಲದಲ್ಲಿ ಕೆನ್ನೆ, ಕತ್ತು ಕಡು ಕೆಂಗಂದು. ಕೊಕ್ಕಿನ ಬುಡದಲ್ಲಿ ತಿಳಿಹಳದಿ ಚುಕ್ಕೆ. ಉಳಿದ ಕಾಲದಲ್ಲಿ ಮಾಸಲು ಕಂದು. ಕಾಲುಗಳು ದೇಹದ ತೀರಾ ಹಿಂದಿವೆ, ಬೆರಳುಗಳ ಅಂಚಿಗೆ ಅಗಲವಾದ ಹಾಳೆಗಳಿವೆ. ನೆಲದ ಮೇಲೆ ತಡವರಿಸುವ ಹಕ್ಕಿ ನೀರಿನೊಳಗೆ ಚುರುಕಾಗುವುದು ಇದರಿಂದಲೇ. ಗರಿಗಳ ನಡುವಿನ ಗಾಳಿಯನ್ನು ಅದುಮಿ ಹೊರಹಾಕಿ ಸದ್ದಿಲ್ಲದೆ ಇಳಿಯುವುದೂ ಅದಕ್ಕೆ ಗೊತ್ತು. ಒಳಗೆ ನೀರುಹುಳು, ಗೊದಮೊಟ್ಟೆ, ಸಣ್ಣ ಮೀನು ಹುಡುಕುತ್ತದೆ.

ಗೂಡನ್ನು ನೋಡಬೇಕು! ಕೊಳೆತ ಜೊಂಡು, ಪಾಚಿ ಸೇರಿಸಿದ ತೇಲುವ ಗುಪ್ಪೆ. ಗಿಡಗಳಿಗೆ ಸಿಕ್ಕಿಸಿರುವುದರಿಂದ ಗಾಳಿಗೆ ಕೊಚ್ಚಿಹೋಗದು. ಬೆದರಿ ಗೂಡು ಬಿಡುವ ಮೊದಲು ಹಕ್ಕಿ ಒದ್ದೆ ಪಾಚಿಯನ್ನು ಗಡಿಬಿಡಿಯಿಂದ ಮೊಟ್ಟೆಗಳ ಮೇಲೆ ಎಳೆದು ಮುಚ್ಚುತ್ತದೆ. ಬೆಳ್ಳಗಿದ್ದ ಮೊಟ್ಟೆಗಳು ಹೀಗೆ ಕಲೆ ಹತ್ತಿ ಕಂದಾಗುತ್ತವೆ. ಪಟ್ಟೆಪಟ್ಟೆಯ ಮರಿಗಳು ಅಪ್ಪ ಅಮ್ಮನ ಬೆನ್ನೇರಿ ಸವಾರಿ ಮಾಡುತ್ತವೆ.

ಹಗಲಲ್ಲಿ ಹಾರುವುದು ಅಪರೂಪವಾದರೂ ಕೆರೆ ಬತ್ತಿದರೆ ಈ ಹಕ್ಕಿ ರಾತ್ರಿ ಹಾರಿ ಬೇರೆ ನೀರು ಸೇರುತ್ತದೆ. ಆದ್ದರಿಂದ ಅಂಕಸಮುದ್ರವೊಂದನ್ನೇ ಕಾದರೆ ಸಾಲದು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಯ ಊರ ಕೆರೆಗಳೂ ಅದಕ್ಕೆ ಬೇಕು. ಹೂಳೆತ್ತುವ ಕೆಲಸ ಬೇಸಿಗೆಯಲ್ಲೇ ಮುಗಿಯಲಿ. ಅಂಚಿನ ಜೊಂಡನ್ನು ಪೂರ್ತಿ ಬೋಳಿಸದೆ ಒಂದು ಬದಿ ಉಳಿಸಿ. ಗೂಡು ಕಂಡರೆ ಫೋಟೊಕ್ಕೆಂದು ಹತ್ತಿರ ಹೋಗಬೇಡಿ, ಏರಿಯ ಮೇಲಿಂದಲೇ ನೋಡಿ.