ಬೋಟಿನ ಫ್ಯಾನು, ಕಂಪ್ಯೂಟರಿನ ಗೆರೆ

ಗಂಗೊಳ್ಳಿ ಬಂದರಿನ ಬೋಟು ನೋಡಿದ್ದೀರಲ್ಲ?
ಅಡಿಯಲ್ಲಿ ತಿರುಗುವ ಆ ಫ್ಯಾನಿನ ಎಲೆ
ಎಷ್ಟು ತಿರುಚಬೇಕು ಅಂತ ಅಳೆಯೋದು ಹೇಗೆ?

ಕಾಗದದಲ್ಲಿ ಬಿಡಿಸೋದು ಬಹಳ ಕಷ್ಟ.
ಕಂಪ್ಯೂಟರಿನಲ್ಲಿ ಮೂರು ಆಯಾಮದಲ್ಲಿ ಬಿಡಿಸಬಹುದು.
ತಿರುಗಿಸಿ ನೋಡಬಹುದು.
ತಪ್ಪಿದ್ದರೆ ಅಲ್ಲೇ ತಿದ್ದಬಹುದು.
ಇದು ಕ್ಯಾಡ್.

ಆ ಚಿತ್ರದಿಂದ ಯಂತ್ರಕ್ಕೆ ಆಜ್ಞೆ ಬರೆಯೋದು ಕ್ಯಾಮ್.
ಆಜ್ಞೆಯ ಹೆಸರು ಜಿ-ಕೋಡ್.
ಯಕ್ಷಗಾನದಲ್ಲಿ ಭಾಗವತರ ಪದಕ್ಕೆ ವೇಷಧಾರಿ ಹೆಜ್ಜೆ ಹಾಕ್ತಾರಲ್ಲ,
ಹಾಗೆ ಜಿ-ಕೋಡಿನ ಒಂದೊಂದು ಸಾಲಿಗೂ
ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದ ಕಟರ್ ಚಲಿಸುತ್ತೆ.
ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಕರಾರುವಾಕ್ಕಾಗಿ!

ಈ ಕ್ಯಾಡ್, ಕ್ಯಾಮ್ ಕಲಿಯೋದು ಎಲ್ಲಿ?
ಮೆಕ್ಯಾನಿಕಲ್ ಡಿಪ್ಲೊಮಾದಲ್ಲಿ ಇದು ಪಾಠವೇ.
ಇನ್ನೊಂದು ದಾರಿ ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ.
1972ರಲ್ಲಿ ಡೆನ್ಮಾರ್ಕ್ ಸಹಕಾರದಿಂದ ಶುರುವಾದ ಸರ್ಕಾರಿ ಸಂಸ್ಥೆ.
ಬೈಂದೂರು, ಕುಂದಾಪುರ, ಬ್ರಹ್ಮಾವರದಿಂದ
ಹೆದ್ದಾರಿ ಹಿಡಿದು ಮಂಗಳೂರಿನ ಕಡೆ ಹೋದರೆ
ಬೈಕಂಪಾಡಿಯಲ್ಲೇ ಅದರ ಕೇಂದ್ರ.
ಎಸ್ಸೆಸ್ಸೆಲ್ಸಿ ಆದವರಿಗೆ
ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ, 4 ವರ್ಷ.

ಒಂದು ಮಾತು ಮಾತ್ರ ಮರೆಯಬೇಡಿ.
ಬರೀ ಸಾಫ್ಟ್‌ವೇರ್ ಕಲಿತು ನಿಲ್ಲಬೇಡಿ.
ಯಂತ್ರದ ಮುಂದೆ ನಿಂತು,
ವರ್ನಿಯರ್ ಹಿಡಿದು ಅಳೆದವರ ಕೈಯಲ್ಲೇ
ಕೆಲಸ ಗಟ್ಟಿಯಾಗೋದು.
ಕಾಲೇಜಿಗೆ ಸೇರುವ ಮೊದಲು ವರ್ಕ್‌ಶಾಪಿಗೆ ಹೋಗಿ.
ಸಿಎನ್‌ಸಿ ಓಡ್ತಾ ಇದೆಯಾ, ಮಕ್ಕಳ ಕೈಗೆ ಕೊಡ್ತಾರಾ?
ಕೇಳಿಯೇ ಫೀಸು ಕಟ್ಟಿ.