ಕುಂದಗೋಳ: ತಂಬೂರಿಯ ನೆರಳಿನಲ್ಲಿ ಎರಡು ದಿನ

ಹುಬ್ಬಳ್ಳಿಯನ್ನು ಬಿಟ್ಟು ಬೆಂಗಳೂರಿನ ದಿಕ್ಕಿಗೆ ಹೊರಡುವ ರೈಲುಹಾದಿಯಲ್ಲಿ, ನಗರದ ಗದ್ದಲ ಹಿಂದೆ ಸರಿದು ಎರೆಯ ಹೊಲಗಳು ಇಕ್ಕೆಲಗಳಲ್ಲಿಯೂ ಕಣ್ಣು ಸೋಲುವವರೆಗೆ ಹರಡಿಕೊಳ್ಳುವಷ್ಟರಲ್ಲಿಯೇ ಕುಂದಗೋಳ ಬಂದುಬಿಡುತ್ತದೆ. ಮಳೆ ಹೊಳವಾಗಿದ್ದ ಒಂದು ಶನಿವಾರದ ಮಧ್ಯಾಹ್ನ, ಮೈಸೂರಿನಿಂದ ಬಂದಿದ್ದ ನನ್ನ ಕಾಲೇಜು ದಿನಗಳ ಗೆಳೆಯನೊಡನೆ ಆ ಚಿಕ್ಕ ನಿಲ್ದಾಣದಲ್ಲಿ ಇಳಿದಾಗ, ಅವನು ಕೈಚೀಲವನ್ನು ನೆಲಕ್ಕಿಟ್ಟು, ಮುಂದೆ ಹೋಗುವ ಗಾಡಿಯ ಕಡೆಯ ಡಬ್ಬಿ ಕಣ್ಮರೆಯಾಗುವ ತನಕ ನೋಡುತ್ತ ನಿಂತುಬಿಟ್ಟನು. "ಗಂಗೂಬಾಯಿಯವರು ಪಾಠಕ್ಕೆ ಬಂದು ಇಳೀತಿದ್ದದ್ದು ಇಲ್ಲೇ ಅಲ್ವೇನಯ್ಯ?" ಎಂದು ಕೇಳಿದನು. ಹೌದು; 1930ರ ದಶಕದ ಕೊನೆಯ ವರ್ಷಗಳಲ್ಲಿ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯ ಮನೆಯಿಂದ ಹೊರಟು, ಗುರು ಸವಾಯಿ ಗಂಧರ್ವರ ಮುಂದೆ ಕುಳಿತು ಒಂದೊಂದೇ ಸ್ವರವನ್ನು ಗಂಟೆಗಟ್ಟಲೆ ತಿದ್ದಿಕೊಂಡು ಹಿಂದಿರುಗುತ್ತಿದ್ದುದು ಇದೇ ಹಾದಿಯಲ್ಲಿ.

ನಾವು ಬಂದಿದ್ದುದು ಸವಾಯಿ ಗಂಧರ್ವರ ಪುಣ್ಯತಿಥಿಯ ನಿಮಿತ್ತ ನಡೆಯುವ ಅಹೋರಾತ್ರಿ ಸಂಗೀತೋತ್ಸವಕ್ಕೆ. ಈ ಊರಿನ ರಾಮಭಾವು ಕುಂದಗೋಳಕರರು (1886–1952) ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನರಲ್ಲಿ ಕಲಿತು, ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾಗಿ, ಅಲ್ಲಿಯ ಪ್ರಖ್ಯಾತ ನಟ ಬಾಲಗಂಧರ್ವರಿಗಿಂತಲೂ ಕಾಲುಪಾಲು ಮಿಗಿಲೆಂಬ ಅರ್ಥದಲ್ಲಿ 'ಸವಾಯಿ', ಎಂದರೆ ಒಂದೂಕಾಲು, ಗಂಧರ್ವರೆನಿಸಿಕೊಂಡರು. ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಈ ಊರು 1948ರಲ್ಲಿ ಮುಂಬಯಿ ಪ್ರಾಂತಕ್ಕೂ 1956ರಲ್ಲಿ ಮೈಸೂರು ರಾಜ್ಯಕ್ಕೂ ಬಂದಿತು. ಚಾಲುಕ್ಯರ ಕಾಲದ ಶಂಭುಲಿಂಗ ದೇವಾಲಯವೊಂದು ಇಲ್ಲಿದೆ. ಅದರ ಕಂಬಗಳ ಕಡೆತ ನೋಡತಕ್ಕದ್ದು.

ಉತ್ಸವ ನಡೆದ ನಾಡಿಗೇರ ಮನೆತನದ ವಾಡೆಯೇ ಈ ಊರಿನ ಸಂಗೀತದ ತವರು. ಅಬ್ದುಲ್ ಕರೀಮ್ ಖಾನರು ಬಂದಾಗ ತಂಗುತ್ತಿದ್ದುದು ಇಲ್ಲಿ. ಗದಗಿನ ಮನೆಯನ್ನು ಬಿಟ್ಟು ಗುರುವನ್ನು ಅರಸುತ್ತ ಉತ್ತರದೇಶವನ್ನೆಲ್ಲ ಅಲೆದು ಬಂದ ಭೀಮಸೇನ ಜೋಶಿಯವರು, ಸವಾಯಿ ಗಂಧರ್ವರ ಮನೆಗೆ ಕೊಡಗಟ್ಟಲೆ ನೀರು ಹೊತ್ತು, ಆ ಸೇವೆಯ ನಡುವೆ ವಿದ್ಯೆ ಸಂಪಾದಿಸಿದ್ದೂ ಇದೇ ಊರಿನಲ್ಲಿ. ಮುಂದೆ 2008ರಲ್ಲಿ ಭಾರತರತ್ನಕ್ಕೆ ಆಯ್ಕೆಯಾದ ಆ ಕಂಠವೂ, ಗಂಗೂಬಾಯಿಯವರದೂ ಇಲ್ಲಿ ಮತ್ತೆ ಮತ್ತೆ ಮೊಳಗಿದವು. ಪುಣೆಯಲ್ಲಿ ಭೀಮಸೇನರು 1953ರಲ್ಲಿ ಗುರುವಿನ ಹೆಸರಿನಲ್ಲಿ ಆರಂಭಿಸಿದ ಉತ್ಸವಕ್ಕೆ ಇಂದು ಸಹಸ್ರ ಸಹಸ್ರ ಜನ ಸೇರುತ್ತಾರೆ. ಅದನ್ನೂ ನಾನು ನೋಡಿಬಲ್ಲೆ. ಆದರೆ ಅಲ್ಲಿ ಗಾಯಕನು ಬೆಳಕಿನ ನಡುವಿನ ಒಂದು ದೂರದ ಆಕೃತಿ. ಇಲ್ಲಿ ಅವನು ಕೆಮ್ಮಿದರೆ ನಮಗೆ ಕೇಳುತ್ತದೆ, ನಾವು ತಲೆದೂಗಿದರೆ ಅವನಿಗೆ ಕಾಣುತ್ತದೆ. ಜಮಖಾನೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತವರಲ್ಲಿ ಹುಬ್ಬಳ್ಳಿಯ ವಕೀಲರಿದ್ದರು, ಧಾರವಾಡದ ವಿದ್ಯಾರ್ಥಿನಿಯರಿದ್ದರು, ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟುಕೊಂಡ ರೈತರಿದ್ದರು.

ಸಂಜೆ ಇನ್ನೂ ಹಾಡಿಕೆ ಆರಂಭವಾಗಿರಲಿಲ್ಲ. ವಾಡೆಯ ಒಂದು ಮೂಲೆಯಲ್ಲಿ, ಗವಸು ತೆಗೆದ ನಾಲ್ಕು ತಂಬೂರಿಗಳನ್ನು ಸುತ್ತಲೂ ಮಲಗಿಸಿಕೊಂಡು ಕುಳಿತಿದ್ದ ಒಬ್ಬ ವೃದ್ಧರು ನಮ್ಮ ಗಮನವನ್ನು ಸೆಳೆದರು. ಮಿರಜದಲ್ಲಿ ವಾದ್ಯ ಮಾಡುವ ಮನೆತನದವರು. ತಾಯಿಯ ತವರು ಹುಬ್ಬಳ್ಳಿಯಾದುದರಿಂದ ಕನ್ನಡವನ್ನು ನಮ್ಮಷ್ಟೇ ಸರಾಗವಾಗಿ ಆಡುವವರು. ಬಲಗೈಯಲ್ಲಿ ಸಣ್ಣದೊಂದು ಅರ, ಎಡಗೈಯ ಬೆರಳುಗಳಲ್ಲಿ ಬಿಳಿಯ ನೂಲಿನ ಎಳೆ. ಬುರುಡೆಯ ಮೇಲೆ ಕೂರಿಸಿದ್ದ, ತಂತಿಗಳನ್ನು ಹೊರುವ ಎಲುಬಿನ ಕುದುರೆಯನ್ನು (ಅವರ ಮಾತಿನಲ್ಲಿ ಘೋಡಿ) ಅವರು ಅರದಿಂದ ಒಮ್ಮೆ ಸವರುವರು, ಬೆರಳ ತುದಿಯಿಂದ ತಡವುವರು, ತಂತಿಯನ್ನು ಎಳೆದು ಕೂರಿಸುವರು, ಮೀಟುವರು, ಕಣ್ಣು ಮುಚ್ಚುವರು, ಮತ್ತೆ ತಂತಿಯನ್ನು ಸರಿಸುವರು. ಉದುರಿದ ಪುಡಿ ಅವರ ಧೋತರದ ಮೇಲೆ ಹಿಟ್ಟಿನ ಹಾಗೆ ಬಿದ್ದಿದ್ದಿತು.

"ಏನ್ ಮಾಡಾಕತ್ತೀರಿ ಅಜ್ಜಾರ?" ಎಂದೆ.

"ಜವಾರಿ ತೆಗ್ಯಾಕತ್ತೇನ್ರಿ," ಎಂದರು ತಲೆಯೆತ್ತದೆ. "ನಾದ ತಂತ್ಯಾಗ ಐತಿ ಅಂತ ಮಂದಿ ತಿಳ್ಕೊಂಡಾರ. ತಂತ್ಯಾಗ ಇಲ್ರಿ ಅದು. ತಂತಿ ಈ ಘೋಡಿಗೆ ಹೆಂಗ ತಾಕತೈತಿ, ಅದರಾಗ ಐತಿ. ಜವಾರಿ ಮುಚ್ಚಿತಂದ್ರ ನೆಗಡಿ ಆದ ಮೂಗು ಇದ್ದಾಂಗ ನೋಡ್ರಿ."

ಜವಾರಿ ಎಂದರೆ ಈ ಸೀಮೆಯಲ್ಲಿ ನಾಡತಳಿಯದು, ಅಸಲು ಎಂದು ಅರ್ಥ. ಜವಾರಿ ಬೀಜ, ಜವಾರಿ ಕೋಳಿ ಎನ್ನುತ್ತಾರೆ. ತಂಬೂರಿಯ ನಾದಕ್ಕೂ ಅದೇ ಶಬ್ದ ಒದಗಿಬಂದಿರುವುದು ನನಗೆ ಎಂದಿನಿಂದಲೂ ಪ್ರಿಯವಾದ ಸಂಗತಿ. ಕುದುರೆಯ ಮೈ ಚಪ್ಪಟೆಯಾಗಿ ತೋರಿದರೂ ಅದರಲ್ಲಿ ಕಣ್ಣಿಗೆ ಕಾಣದಷ್ಟು ಇಳಿಜಾರಿದೆ. ಕಂಪಿಸುವ ತಂತಿ ಆ ಇಳಿಜಾರನ್ನು ಸವರಿಕೊಂಡು ಹೋಗುವುದರಿಂದಲೇ ಒಂದು ಸ್ವರದ ಒಳಗಿಂದ ಅನೇಕ ಸೂಕ್ಷ್ಮಸ್ವರಗಳು ಬಿಚ್ಚಿಕೊಳ್ಳುತ್ತವೆ. ಕಡೆಗೆ ಅಜ್ಜನವರು ನೂಲಿನ ಎಳೆಯನ್ನು ತಂತಿಯ ಕೆಳಗೆ ತೂರಿಸಿ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಜರುಗಿಸಿದರು. ಅಲ್ಲಿಯವರೆಗೆ ಗಟ್ಟಿಯಾಗಿ, ಮರವನ್ನು ತಟ್ಟಿದಂತೆ ನುಡಿಯುತ್ತಿದ್ದ ಖರಜದ, ಎಂದರೆ ಮಂದ್ರ ಷಡ್ಜದ, ತಂತಿ ಇದ್ದಕ್ಕಿದ್ದಂತೆ ಅರಳಿತು. ಮೀಟಿದ ಬೆರಳು ಹಿಂದೆ ಬಂದ ಮೇಲೂ ನಾದ ಬೆಳೆಯುತ್ತಲೇ ಹೋಯಿತು. ಯಾರೂ ಮೀಟದ ಗಾಂಧಾರವೊಂದು ಅದರ ನಡುವಿನಿಂದ ತಾನಾಗಿ ಎದ್ದುಬಂದಿತು. "ನಮ್ಮಲ್ಲಿ ಇದನ್ನ ಜೀವಾಳಿ ಅಂತಾರೆ," ಎಂದ ನನ್ನ ಗೆಳೆಯನ ದನಿ ಬಹಳ ಮೆತ್ತಗಿತ್ತು.

ಆ ಬಳಿಕ ಅಜ್ಜನವರ ಮಾತು ಕೆರೆಯ ಕೋಡಿ ಹರಿದಂತೆ ಹರಿಯಿತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಕತ್ತಿ ಗುರಾಣಿಗಳಿಗೆ ಬೆಲೆ ತಪ್ಪಿ ಕೆಲಸವಿಲ್ಲದಂತಾದ ಶಿಕಲಗಾರರು ಮಿರಜದಲ್ಲಿ ವಾದ್ಯದ ಕೆಲಸಕ್ಕೆ ಕೈಹಾಕಿದ್ದು. ಪಂಢರಪುರದ ಸುತ್ತಿನ ಹೊಲಗಳಲ್ಲಿ ತಂಬೂರಿಗೆಂದೇ ಬುರುಡೆ ಬೆಳೆಯುವುದು. ಕೊಯ್ದ ಬುರುಡೆಯನ್ನು ತಿಂಗಳುಗಟ್ಟಲೆ ಒಣಗಿಸದೆ ಮುಟ್ಟಬಾರದೆಂಬುದು. 2024ರಲ್ಲಿ ಮಿರಜದ ಸಿತಾರ ತಂಬೂರಿಗಳಿಗೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದ್ದು. "ಕಾಗದ ಬಂತ್ರಿ, ಹುಡುಗೂರು ಬರಲಿಲ್ಲ," ಎಂದರು. ಅವರ ಮೊಮ್ಮಗ ಸಾಂಗ್ಲಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನಂತೆ. ಅದಕ್ಕೆ ಅವರು ಬೇಸರಪಟ್ಟಂತೆ ಕಾಣಲಿಲ್ಲ. "ಅದೂ ಸಣ್ಣ ಕೆಲಸನ ರೀ, ಬೆರಳು ಸೂಕ್ಷ್ಮ ಬೇಕು," ಎಂದರು. ಬೇಸರವಿದ್ದುದು ವಿದ್ಯುತ್ತಿನ ತಂಬೂರಿಯ ಪೆಟ್ಟಿಗೆಗಳ ಮೇಲೆ. ಪ್ರಯಾಣಕ್ಕೆ ಅನುಕೂಲ, ಅಭ್ಯಾಸಕ್ಕೆ ಸುಲಭ, ಈಗ ಫೋನಿನಲ್ಲಿಯೂ ಅದು ನುಡಿಯುತ್ತದೆ. ಆದರೆ ಶ್ರುತಿ ಮಾಡಿಕೊಳ್ಳುವ ಆ ಅರ್ಧಗಂಟೆಯಲ್ಲಿ ಕಿವಿಗೆ ದೊರೆಯುವ ಪಾಠವನ್ನು ಗುಂಡಿಯೊತ್ತಿ ಪಡೆಯುವುದು ಸಾಧ್ಯವಿಲ್ಲವೆಂಬುದನ್ನು ನಾನೂ ಗಟ್ಟಿಯಾಗಿ ನಂಬಿದ್ದೇನೆ. ಸ್ವರದಲ್ಲಿ ಮುಳುಗುವುದನ್ನೇ ಸರ್ವಸ್ವವೆಂದು ಬಗೆದ ಕಿರಾಣಾ ಪರಂಪರೆಗೆ, ಜವಾರಿ ತೆಗೆಯುವ ಕೈಗಳು ಗಾಯಕರಷ್ಟೇ ಮುಖ್ಯವಾದವು; ಆ ಕೈಗಳು ವಿರಳವಾಗುತ್ತಿರುವಾಗ ನಾವು ಹಾಡುಗಾರರಿಗೆ ಮಾತ್ರ ಶಾಲು ಹೊದಿಸುತ್ತಿದ್ದೇವೆ.

ರಾತ್ರಿ ಎರಡನೆಯ ಗಾಯಕಿ ಬಂದು ಕುಳಿತಾಗ ಹೊರಗೆ ಮತ್ತೆ ಜಿಟಿಜಿಟಿ ಮಳೆ. ಹವೆ ತಂಪೇರಿದಂತೆ ಒಂದು ತಂಬೂರಿ ಶ್ರುತಿ ತಪ್ಪತೊಡಗಿತು. ನಮಗಾರಿಗೂ ತಿಳಿಯುವ ಮೊದಲೇ ಗೋಡೆಗೊರಗಿದ್ದ ಅಜ್ಜನವರು ಕಣ್ಣು ತೆರೆದು, ತಬಲೆಯವರ ಹಿಂದಿನಿಂದ ಬಾಗಿ ನಡೆದು ಹೋಗಿ, ತಂತಿಯ ಮೇಲಣ ಮಣಿಯನ್ನು ಎಳ್ಳಿನಷ್ಟು ಕೆಳಗಿಳಿಸಿ ಹಿಂದಿರುಗಿದರು. ಆಕೆ ಹಾಡಿಕೆಯನ್ನು ನಿಲ್ಲಿಸದೆ ಕಣ್ಣಿನಲ್ಲಿಯೇ ನಮಸ್ಕರಿಸಿದಳು. ಆಕೆ ಎತ್ತಿಕೊಂಡಿದ್ದುದು ದಕ್ಷಿಣದಿಂದ ಹಿಂದೂಸ್ತಾನಿಗೆ ಬಂದ ಆಭೋಗಿ ರಾಗ. ಕರ್ನಾಟಕ ಸಂಗೀತವನ್ನು ಮಾತ್ರ ಬಲ್ಲ ನನ್ನ ಗೆಳೆಯ ನನ್ನ ತೋಳನ್ನು ಹಿಡಿದು, "ಇದು ನಮ್ಮದು ಕಣಯ್ಯ!" ಎಂದನು. ಅವನದೂ ಹೌದು. ಮೈಸೂರಿನ ಅರಮನೆಯಲ್ಲಿ ಹಾಡಿ ಮನ್ನಣೆ ಪಡೆದು, ದಕ್ಷಿಣದ ಸ್ವರಪ್ರಸ್ತಾರವನ್ನು ಪ್ರೀತಿಯಿಂದ ಕಲಿತು, ತ್ಯಾಗರಾಜರ ಕೃತಿಯನ್ನು ತಮ್ಮ ದನಿಯಲ್ಲಿ ಮುದ್ರಿಸಿಕೊಟ್ಟ ಅಬ್ದುಲ್ ಕರೀಮ್ ಖಾನರ ಮನೆಯ ಹಾಡಿಕೆಯಲ್ಲಿ ಆ ರಾಗ ಪರಕೀಯವೆನಿಸದು. ನಿಷಾದವೂ ಪಂಚಮವೂ ಇಲ್ಲದ ಆ ರಾಗದಲ್ಲಿ ಆಕೆ ಮಂದ್ರದ ಧೈವತವೊಂದರ ಮೇಲೆ ಎಷ್ಟು ಹೊತ್ತು ನಿಂತಳೆಂದರೆ, ನನ್ನ ಮುಂದೆ ಕುಳಿತಿದ್ದ ರೈತನೊಬ್ಬನು ಎತ್ತಿದ್ದ ಕೈಯನ್ನು ಇಳಿಸುವುದನ್ನೇ ಮರೆತಿದ್ದನು. ಬೆಳಗಿನ ಜಾವದ ತೋಡಿಯ ವೇಳೆಗೆ ಅರ್ಧ ಜನ ಅಲ್ಲಲ್ಲಿಯೇ ಒರಗಿದ್ದರು. ಗೆಳೆಯ ಮಾತ್ರ ಬೆನ್ನು ಬಾಗಿಸಿರಲಿಲ್ಲ.

ಭಾನುವಾರ ಮುಂಜಾನೆ ಗಿರ್ಮಿಟ್ಟು, ಮಿರ್ಚಿಗಳ ಬಿಸಿಯಲ್ಲಿ ನಿದ್ದೆ ಕಳೆದುಕೊಂಡೆವು. ಸುತ್ತಲಿನ ಹೊಲಗಳಲ್ಲಿ ಬ್ಯಾಡಗಿ ತಳಿಯ ಮೆಣಸಿನ ಸಸಿಗಳು ಹಸುರಾಗಿ ನಿಂತಿದ್ದವು. ಅಂಗಡಿಯವನ ದೂರು ಕೇಳತಕ್ಕದ್ದಾಗಿತ್ತು. "ವರ್ಷಕ್ಕೊಮ್ಮೆ ನಾಡ ಮಂದಿಯೆಲ್ಲ ಬರ್ತಾರ್ರಿ. ನನ್ನ ಮಗಳು ಛಲೋ ಹಾಡ್ತಾಳ. ಕಲೀಬೇಕಂದ್ರ ದಿನಾ ಹುಬ್ಬಳ್ಳಿಗೆ ಕಳಸಬೇಕು. ಸಂಜಿ ಹೋದ ಹುಡುಗಿ ತಿರುಗಿ ಬರಾಕ ಬಸ್ ಹೊಂದಂಗಿಲ್ಲ." ಹುಬ್ಬಳ್ಳಿಯಿಂದ ಶಿಷ್ಯೆ ಬಂದು ಕಲಿತುಹೋಗುತ್ತಿದ್ದ ಊರಿನಿಂದ ಇಂದು ಹುಡುಗಿ ಹುಬ್ಬಳ್ಳಿಗೆ ಹೋಗಬೇಕಾಗಿದೆ. ವಾರಕ್ಕೆರಡು ಸಂಜೆ ಒಬ್ಬ ಗುರುವನ್ನು ಇಲ್ಲಿಗೇ ಕರೆತರುವುದು ಅಷ್ಟೊಂದು ಅಸಾಧ್ಯವೇ ಎಂದು ನಾನು ಆ ಚಹದ ಅಂಗಡಿಯಲ್ಲಿಯೂ ಕೇಳಿದೆ, ಇಲ್ಲಿಯೂ ಕೇಳುತ್ತಿದ್ದೇನೆ.

ಹೊರಡುವಾಗ ಅಜ್ಜನವರು ತಂಬೂರಿಗಳಿಗೆ ಗವಸು ತೊಡಿಸುತ್ತಿದ್ದರು. ಗೆಳೆಯ ಅವರ ಪಕ್ಕದಲ್ಲಿ ಕುಳಿತು, ತನ್ನ ತಾಯಿಯ ತಂಜಾವೂರು ತಂಬೂರಿ, ಹಲಸಿನ ಮರದ್ದು, ಆಕೆ ತೀರಿದಂದಿನಿಂದ ಗೋಡೆಯ ಮೊಳೆಗೆ ತೂಗಿಕೊಂಡಿರುವುದನ್ನು ಹೇಳಿದನು. ಇಪ್ಪತ್ತೆರಡು ವರ್ಷವಂತೆ; ಇಷ್ಟು ಕಾಲದ ಸ್ನೇಹದಲ್ಲಿ ನನಗೆ ಅವನು ಹೇಳದಿದ್ದ ಮಾತು. ಅಜ್ಜನವರು ಮರ ಬಿರಿದಿದೆಯೇ, ಕುದುರೆ ಎಂಥದು, ಹುಳು ಹಿಡಿದಿದೆಯೇ ಎಂದು ಮೂರೇ ಪ್ರಶ್ನೆ ಕೇಳಿ, ನೂಲಿನ ಉಂಡೆಯಿಂದ ಗೇಣುದ್ದದ ನಾಲ್ಕು ಎಳೆಗಳನ್ನು ಕತ್ತರಿಸಿ, ಕಾಗದದಲ್ಲಿ ಮಡಿಸಿ ಅವನ ಕೈಯಲ್ಲಿಟ್ಟರು. ದುಡ್ಡು ಮುಟ್ಟಲಿಲ್ಲ.

ನಿಲ್ದಾಣದಲ್ಲಿ ಗಾಡಿ ತಡವಾಗಿದ್ದಿತು. ಗೆಳೆಯನು ಆ ಕಾಗದವನ್ನು ಜೇಬಿನಿಂದ ತೆಗೆದು ನೋಡಿ, ಮತ್ತೆ ಮಡಿಸಿಟ್ಟು, ಸ್ವಲ್ಪ ಹೊತ್ತಿನ ಮೇಲೆ, ಮೈಸೂರಿನಿಂದ ಮಿರಜಕ್ಕೆ ತಂಬೂರಿಯನ್ನು ಒಡೆಯದಂತೆ ಒಯ್ಯುವುದು ಹೇಗೆಂದು ನನ್ನನ್ನು ಕೇಳಿದನು.