ತೋಳನ ತಲೆಗೇ ಗುಂಡು!

ಕೆಂಪು ಟೋಪಿಯ ಹುಡುಗಿ, ಅಜ್ಜಿ ವೇಷದ ತೋಳ. ಈ ಕಥೆ ನಿಮಗೆ ಗೊತ್ತೇ ಇದೆ. 1697ರಲ್ಲಿ ಫ್ರಾನ್ಸಿನ ಶಾರ್ಲ್ ಪೆರೋ ಬರೆದಾಗ ತೋಳ ಹುಡುಗಿಯನ್ನು ನುಂಗಿತು, ಕಥೆ ಅಲ್ಲಿಗೇ ಮುಗೀತು. ಆಮೇಲೆ ಗ್ರಿಮ್ ಸೋದರರು ಬೇಟೆಗಾರನನ್ನು ಕರೆಸಿ ಅವಳನ್ನು ಉಳಿಸಿದರು.

1982ರಲ್ಲಿ ಬಂತು ಲೇಖಕ ರೋಆಲ್ಡ್ ಡಾಲ್ ಅವರ ಪುಸ್ತಕ 'ರಿವೋಲ್ಟಿಂಗ್ ರೈಮ್ಸ್'. ಇಲ್ಲಿ ಹುಡುಗಿ ಯಾರಿಗೂ ಕಾಯಲ್ಲ. ಬಟ್ಟೆಯೊಳಗಿಂದ ಪಿಸ್ತೂಲು ತೆಗೆದು ತೋಳನ ತಲೆಗೇ ಗುಂಡು ಹಾರಿಸ್ತಾಳೆ. ಆಮೇಲೆ ಅದರ ಚರ್ಮದ ಕೋಟು ಹಾಕ್ಕೊಂಡು ಕಾಡಲ್ಲಿ ಓಡಾಡ್ತಾಳೆ! ಇದೇ ಪುಸ್ತಕದ ಮೂರು ಹಂದಿಮರಿಗಳ ಕಥೆಯಲ್ಲೂ ಒಂದು ಹಂದಿ ಸಹಾಯಕ್ಕೆ ಫೋನ್ ಮಾಡೋದು ಇವಳಿಗೇ. ಆ ಹಂದಿ ಏನಾಯ್ತು ಅಂತ ನಾನು ಹೇಳಲ್ಲ, ನೀವೇ ಕೇಳಿ.

ಹೌದು, ಓದೋದಕ್ಕಿಂತ ಆಡಿಯೋ ಪುಸ್ತಕದಲ್ಲಿ ಕೇಳಿ. ಯಾಕಂದ್ರೆ ಇದು ಪೂರ್ತಿ ಪದ್ಯ, ಎರಡೆರಡು ಸಾಲಿಗೆ ಅಂತ್ಯಪ್ರಾಸ. ಒಂದು ಸಾಲು ಮುಗಿದ ಕೂಡಲೇ ಕಿವಿ ಮುಂದಿನ ಪ್ರಾಸಕ್ಕೆ ಕಾಯುತ್ತೆ. ಎಷ್ಟೋ ಸಲ ಘೋರ ಸಂಗತಿ ಬಂದು ಕೂರೋದು ಸರಿಯಾಗಿ ಅಲ್ಲೇ. ಪುಟದಲ್ಲಾದ್ರೆ ಕಣ್ಣು ಮುಂದಕ್ಕೆ ಜಿಗಿದು ಗುಟ್ಟು ರಟ್ಟಾಗಿಬಿಡುತ್ತೆ. ಕೇಳುವಾಗ, ಓದುವವರು ಒಂದು ಕ್ಷಣ ಉಸಿರು ಹಿಡಿದರೂ ಸಾಕು, ನಗು ಉಕ್ಕುತ್ತೆ.

ಒಟ್ಟು ಆರು ಕಥೆ. ಸಿಂಡ್ರೆಲಾಳ ರಾಜಕುಮಾರ ತಲೆ ಕಡಿಯೋಕೆ ಶುರುಮಾಡ್ತಾನೆ, ಆಗ ತೀರಾ ಪುಟ್ಟ ಮಕ್ಕಳು ಪಕ್ಕದಲ್ಲಿದ್ದಾರಾ ನೋಡ್ಕೊಳ್ಳಿ.